ಟರ್ಬೊ ಇಂಜಿನ್ ಇರುವ ಸಣ್ಣ ಕಾರಿಗೆ ರೇಡಿಯೇಟರ್ ಆರಿಸುವುದು ಹೇಗೆ?

ಮೇ ತಿಂಗಳು. ಉಜಿರೆ ಕಡೆಯಿಂದ ಚಾರ್ಮಾಡಿ ಘಾಟಿ ಹತ್ತುತ್ತಿದ್ದೆವು. ಕಾರಿನಲ್ಲಿ ನಾಲ್ಕು ಜನ, ಡಿಕ್ಕಿ ತುಂಬ ಸಾಮಾನು, ಎಸಿ ಆನ್. ಮುಂದೆ ಒಂದು ಬಸ್ಸು, ಹಾಗಾಗಿ ಎರಡನೇ ಗೇರ್ ಬಿಟ್ಟು ಮೇಲೆ ಹೋಗಲು ಆಗಲೇ ಇಲ್ಲ. ಕಾರಿನ ಕಂಪ್ಯೂಟರಿನ ಅಂಕಿ ತೋರಿಸುವ ಓಬಿಡಿ ರೀಡರ್‌ನಲ್ಲಿ ಕೂಲೆಂಟ್ (ಇಂಜಿನ್ ತಣಿಸುವ ದ್ರವ) ಬಿಸಿ 98, 103, 108 ಡಿಗ್ರಿ ಅಂತ ಏರುತ್ತಾ ಹೋಯಿತು. 112 ಕಂಡಾಗ ಎಸಿ ಆಫ್ ಮಾಡಿ, ಅಣ್ಣಪ್ಪ ಸ್ವಾಮಿ ಗುಡಿ ಹತ್ತಿರ ಗಾಡಿ ನಿಲ್ಲಿಸಿದೆ.

ಆ ಕಾರಿನಲ್ಲಿ ಇದ್ದದ್ದು ಎರಡೇ ವಾರದ ಹಿಂದೆ ಹಾಕಿಸಿದ್ದ ಹೊಸ ರೇಡಿಯೇಟರ್. ಹಳೆಯದಕ್ಕಿಂತ ಮೂರು ಪಟ್ಟು ದಪ್ಪ. ಅಂಗಡಿಯವರು "ಟ್ರಿಪಲ್ ಕೋರ್ ಹಾಕ್ಸಿ ಸರ್, ಇನ್ನು ಹೀಟ್ ಮಾತೇ ಇಲ್ಲ" ಅಂದಿದ್ದರು, ನಾನೂ ನಂಬಿದ್ದೆ. ಅದು ಎಷ್ಟು ದಪ್ಪ ಇತ್ತೆಂದರೆ ಕಂಪನಿ ಫ್ಯಾನ್ ಮತ್ತು ಅದರ ಸುತ್ತಲಿನ ಪ್ಲಾಸ್ಟಿಕ್ ಶ್ರೌಡ್ ಕೂರಲು ಜಾಗವೇ ಉಳಿಯಲಿಲ್ಲ. ಅವನ್ನು ತೆಗೆದು, ಮುಂದುಗಡೆ ಒಂದು ತೆಳು ಫ್ಯಾನ್ ಕಟ್ಟಿದ್ದರು. ರೇಡಿಯೇಟರ್ ದೊಡ್ಡದಾಯಿತು, ಅದರೊಳಗೆ ಹಾಯುವ ಗಾಳಿ ಕಡಿಮೆಯಾಯಿತು. ಫಲ ಘಾಟಿಯಲ್ಲಿ ಸಿಕ್ಕಿತು.

ಸಣ್ಣ ಕಾರಿನಲ್ಲಿ ರೇಡಿಯೇಟರ್ ಆರಿಸುವುದು ಅಂದರೆ ಗಾಳಿಯ ದಾರಿ ಆರಿಸುವುದು. ದಪ್ಪ, ಬ್ರ್ಯಾಂಡು, ಹೊಳಪು ಎಲ್ಲ ಆಮೇಲೆ.

ಮೊದಲ ಹೆಜ್ಜೆ: ತಪ್ಪು ರೇಡಿಯೇಟರಿನದ್ದೇನಾ ನೋಡಿ

ಹಲವು ಸಣ್ಣ ಕಾರುಗಳಲ್ಲಿ ಟೆಂಪರೇಚರ್ ಮುಳ್ಳೇ ಇರುವುದಿಲ್ಲ. ನೀಲಿ ದೀಪ, ಕೆಂಪು ದೀಪ, ಅಷ್ಟೇ. ಮುಳ್ಳು ಇದ್ದರೂ ಎಷ್ಟೋ ಕಾರುಗಳಲ್ಲಿ ಅದು ನಡುವೆ ನಿಂತರೆ ಅಲ್ಲಾಡುವುದೇ ಇಲ್ಲ. ಹಾಗಾಗಿ ಒಂದು ಬ್ಲೂಟೂತ್ ಓಬಿಡಿ ರೀಡರ್ ತಗೊಂಡು ಫೋನಿನಲ್ಲಿ ಅಂಕಿ ನೋಡಿ. 85ರಿಂದ 100 ಡಿಗ್ರಿ ನಡುವೆ ಏರಿಳಿದರೆ ಗಾಬರಿ ಬೇಡ. 105 ದಾಟಿ ಏರುತ್ತಲೇ ಇದ್ದರೆ ಏನೋ ತೊಂದರೆ ಇದೆ ಅಂತ ಅರ್ಥ.

ಆಮೇಲೆ ಎಲ್ಲಿ ಏರುತ್ತದೆ ಅನ್ನುವುದನ್ನು ಬರೆದಿಟ್ಟುಕೊಳ್ಳಿ. ಸಿಗ್ನಲ್‌ನಲ್ಲಿ ನಿಂತಾಗ ಏರಿ, ಗಾಡಿ ಓಡಿದ ಕೂಡಲೇ ಇಳಿದರೆ ಅನುಮಾನ ಫ್ಯಾನ್ ಮೇಲೆ. ಹೈವೇಯಲ್ಲಿ 100ರ ವೇಗದಲ್ಲಿ ಏರಿದರೆ ಒಳಗೆ ನೀರು ಸರಿಯಾಗಿ ಹರಿಯುತ್ತಿಲ್ಲ, ಅಥವಾ ಕೋರ್, ಅಂದರೆ ರೇಡಿಯೇಟರಿನ ನಡುವೆ ಟ್ಯೂಬ್ ಮತ್ತು ಫಿನ್ (ತೆಳು ತಗಡಿನ ಮಡಿಕೆ) ಇರುವ ಭಾಗ, ಕಟ್ಟಿಕೊಂಡಿದೆ. ಘಾಟಿಯಲ್ಲಿ ಮಾತ್ರ ಏರಿದರೆ ಗಾಳಿ ಮತ್ತು ರೇಡಿಯೇಟರಿನ ಶಕ್ತಿ ಎರಡನ್ನೂ ನೋಡಬೇಕು. ಕೂಲೆಂಟ್ ಬಿಸಿ ಸರಿಯಾಗಿಯೇ ಇದ್ದು, ಸೆಕೆಯಲ್ಲಿ ಪಿಕಪ್ ಮಾತ್ರ ಸತ್ತ ಹಾಗೆ ಅನಿಸಿದರೆ ಅದು ಇಂಟರ್‌ಕೂಲರ್, ಅಂದರೆ ಟರ್ಬೊ ಕಳಿಸುವ ಗಾಳಿಯನ್ನು ತಣಿಸುವ ಭಾಗದ ವಿಷಯ. ಟರ್ಬೊ ಒತ್ತಿದ ಗಾಳಿ ಬಿಸಿಯಾಗಿದೆ, ರೇಡಿಯೇಟರ್ ಬದಲಿಸಿದರೆ ಅದು ತಣಿಯುವುದಿಲ್ಲ.

ಇಂಜಿನ್ ಬಿಸಿಯಾದ ಮೇಲೆ ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ಬಾಗಿಲೇ ಥರ್ಮೋಸ್ಟಾಟ್. ಅದರ ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಬಿಚ್ಚಿ ತಂದು ಪಾತ್ರೆಯಲ್ಲಿ ನೀರು ಕಾಯಿಸಿ ಅದರೊಳಗೆ ಬಿಡಿ. ಅದರ ಮೇಲೆ ಬರೆದಿರುವ ಡಿಗ್ರಿಯ ಹತ್ತಿರ, ಸಾಮಾನ್ಯವಾಗಿ 82ರಿಂದ 88ರೊಳಗೆ, ನಿಧಾನಕ್ಕೆ ಬಾಯಿ ಬಿಡಬೇಕು. ನೀರು ಕುದಿಯುವ ಹೊತ್ತಿಗೂ ಮುಚ್ಚಿಕೊಂಡೇ ಇದ್ದರೆ ನಿಮ್ಮ ರೇಡಿಯೇಟರ್ ತಪ್ಪೇ ಮಾಡಿಲ್ಲ.

"ಥರ್ಮೋಸ್ಟಾಟ್ ತೆಗೆದುಬಿಡಿ, ತಣ್ಣಗಿರುತ್ತೆ" ಅನ್ನುವ ಮೆಕ್ಯಾನಿಕ್‌ಗಳು ಈಗಲೂ ಇದ್ದಾರೆ. ದಯವಿಟ್ಟು ಬೇಡ. ಇಂಜಿನ್ ಇನ್ನೂ ಬಿಸಿಯಾಗಿಲ್ಲ ಅಂದುಕೊಂಡು ಕಂಪ್ಯೂಟರ್ ಜಾಸ್ತಿ ಪೆಟ್ರೋಲ್ ಸುರಿಯುತ್ತದೆ. ಕೆಲವು ಇಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ಇಲ್ಲದಿದ್ದರೆ ಬೈಪಾಸ್ ದಾರಿ ತೆರೆದೇ ಇರುತ್ತದೆ. ಆಗ ಒಂದಷ್ಟು ನೀರು ರೇಡಿಯೇಟರಿಗೆ ಹೋಗುವುದೇ ಇಲ್ಲ.

ಇಂಜಿನ್ ಓಡುವಾಗ ಕೂಲೆಂಟ್ ಡಬ್ಬಿಯಲ್ಲಿ ನಿಲ್ಲದೆ ಗುಳ್ಳೆ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲ್) ಪರೀಕ್ಷೆ ಮಾಡಿಸಿ. ಅದು ಹೋಗಿದ್ದರೆ ಎಂಥ ರೇಡಿಯೇಟರ್ ಹಾಕಿದರೂ ದುಡ್ಡು ನೀರಿಗೆ.

ಎರಡನೇ ಹೆಜ್ಜೆ: ಎಷ್ಟು ಶಾಖ ಅನ್ನುವ ಅಂದಾಜು

ಪೆಟ್ರೋಲ್ ಸುಟ್ಟು ಬರುವ ಶಾಖದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಭಾಗ ಚಕ್ರ ತಿರುಗಿಸುತ್ತದೆ. ಇನ್ನೊಂದು ಭಾಗ ಸೈಲೆನ್ಸರ್ ಮೂಲಕ ಹೊರಗೆ. ಉಳಿದದ್ದರಲ್ಲಿ ಬಹುಪಾಲು ಕೂಲೆಂಟ್ ಹೊರಬೇಕು. 100 ಎಚ್‌ಪಿ ಟರ್ಬೊ ಇಂಜಿನ್ ಪೂರ್ತಿ ಶಕ್ತಿಯಲ್ಲಿ ಓಡಿದರೆ ರೇಡಿಯೇಟರ್ ಸುಮಾರು 50 ಕಿಲೋವ್ಯಾಟ್ ಶಾಖ ಹೊರಹಾಕಬೇಕಾಗುತ್ತದೆ. ಬಚ್ಚಲುಮನೆಯ 3 ಕಿಲೋವ್ಯಾಟ್ ಇನ್‌ಸ್ಟಂಟ್ ಗೀಸರ್ ನೆನೆಸಿಕೊಳ್ಳಿ. ಅಂಥ ಹದಿನಾರು ಹದಿನೇಳು ಗೀಸರ್ ಒಟ್ಟಿಗೆ ಉರಿದಷ್ಟು ಶಾಖ ಒಂದು ಬಾನೆಟ್ ಕೆಳಗೆ.

ನಿಜ ಹೇಳಬೇಕೆಂದರೆ ರಸ್ತೆಯಲ್ಲಿ ಪೂರ್ತಿ ಶಕ್ತಿ ಕೆಲವು ಸೆಕೆಂಡು ಮಾತ್ರ ಬೇಕಾಗುತ್ತದೆ. ಕಷ್ಟ ಇರುವುದು ಬೇರೆ ಕಡೆ. ಜನ, ಸಾಮಾನು ಸೇರಿ 1,400 ಕಿಲೋ ಗಾಡಿ. ನೂರು ಮೀಟರಿಗೆ ಎಂಟು ಮೀಟರ್ ಏರುವ ರಸ್ತೆ. ವೇಗ ಗಂಟೆಗೆ 30 ಕಿಲೋಮೀಟರ್. ಎತ್ತುವ ಕೆಲಸಕ್ಕೇ ಸುಮಾರು 9 ಕಿಲೋವ್ಯಾಟ್ ಬೇಕು. ಟೈರ್ ಎಳೆತ, ಗೇರ್‌ಬಾಕ್ಸ್, ಎಸಿ ಸೇರಿದರೆ ಇಂಜಿನ್ ಹದಿನೈದರ ಮೇಲೆ ಕೊಡುತ್ತಿರುತ್ತದೆ. ಕೂಲೆಂಟಿಗೆ ಸೇರುವ ಶಾಖವೂ ಅಷ್ಟೇ ಇರುತ್ತದೆ, 15ರಿಂದ 18. ಅಂದರೆ ಆರು ಗೀಸರ್. ಹೈವೇ ಲೆಕ್ಕದಲ್ಲಿ ಇದು ಏನೂ ಅಲ್ಲ. ಆದರೆ 30ರ ವೇಗದಲ್ಲಿ ಗ್ರಿಲ್ ಒಳಗೆ ತಾನಾಗಿ ನುಗ್ಗುವ ಗಾಳಿ ತೀರಾ ಕಡಿಮೆ. ಹೆಚ್ಚಿನ ಕೆಲಸ ಫ್ಯಾನ್ ಮೇಲೆ ಬೀಳುತ್ತದೆ.

ಇನ್ನು ಊರಿನ ಸೆಕೆ. ರೇಡಿಯೇಟರ್ ಬಿಡುವ ಶಾಖ ಕೂಲೆಂಟ್ ಮತ್ತು ಹೊರಗಿನ ಗಾಳಿಯ ನಡುವಿನ ವ್ಯತ್ಯಾಸಕ್ಕೆ ತಕ್ಕಂತೆ ಇರುತ್ತದೆ. ಕೂಲೆಂಟ್ 95 ಇದೆ ಅಂದುಕೊಳ್ಳಿ. ಮಡಿಕೇರಿಯಲ್ಲಿ ಗಾಳಿ 25 ಇದ್ದರೆ ವ್ಯತ್ಯಾಸ 70. ಕಲಬುರಗಿಯ ಬೇಸಿಗೆಯಲ್ಲಿ 42 ಇದ್ದರೆ 53. ಅದೇ ರೇಡಿಯೇಟರ್, ಶಕ್ತಿ ಕಾಲು ಭಾಗ ಕಡಿಮೆ. ಅದರ ಮುಂದೆ ಎಸಿಯ ಶಾಖ ಹೊರಬಿಡುವ ಕಂಡೆನ್ಸರ್ ಇದೆ, ಟರ್ಬೊ ಕಾರಾದರೆ ಎಷ್ಟೋ ಸಲ ಇಂಟರ್‌ಕೂಲರ್ ಕೂಡ ಇದೆ. ಇವೆರಡೂ ಗಾಳಿಯನ್ನು ಇನ್ನೊಂದು 10 ಡಿಗ್ರಿ ಬಿಸಿ ಮಾಡಿ ಕಳಿಸಿದರೆ ವ್ಯತ್ಯಾಸ 43ಕ್ಕೆ ಇಳಿಯಿತು. ಮಡಿಕೇರಿಗೆ ಹೋಲಿಸಿದರೆ ಐದರಲ್ಲಿ ಎರಡು ಭಾಗ ಶಕ್ತಿ ಹೋಯಿತು. ಹಾಗಾಗಿ ನೀವು ಎಲ್ಲಿ ಓಡಿಸುತ್ತೀರಿ ಅನ್ನುವುದು ಎಚ್‌ಪಿಯಷ್ಟೇ ಮುಖ್ಯ.

ಈ ಲೆಕ್ಕದಿಂದ ನನ್ನ ಅಭಿಪ್ರಾಯ ಹೀಗೆ. ಇಂಜಿನ್ ಕಂಪನಿಯಿಂದ ಬಂದ ಹಾಗೇ ಇದ್ದರೆ ನಿಮಗೆ ಬೇಕಾದದ್ದು ಒರಿಜಿನಲ್ ಅಳತೆಯ ಹೊಸ ರೇಡಿಯೇಟರ್, ಚೊಕ್ಕ ಕಂಡೆನ್ಸರ್, ಗಟ್ಟಿ ಫ್ಯಾನ್. ಸಾದಾ ರಿಮ್ಯಾಪ್ (ಶಕ್ತಿ ಹೆಚ್ಚಲು ಇಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸುವುದು) ಮಾಡಿಸಿ ದಿನಬಳಕೆ ಮಾಡುವವರಿಗೂ ಇದೇ ಸಾಕು. ದೊಡ್ಡ ಟರ್ಬೊ ಹಾಕಿಸಿದವರಿಗೆ, ರ‍್ಯಾಲಿಗೆ ಇಳಿಯುವವರಿಗೆ, ಕೊಯಮತ್ತೂರಿನ ಕರಿ ಸ್ಪೀಡ್‌ವೇಯಂಥ ಟ್ರ್ಯಾಕಿನಲ್ಲಿ ಲ್ಯಾಪ್ ಮೇಲೆ ಲ್ಯಾಪ್ ಹಾಕುವವರಿಗೆ ಮಾತ್ರ ಅದಕ್ಕಿಂತ ದೊಡ್ಡದು ಬೇಕು. ವಾರಂಟಿ ಇನ್ನೂ ಇದ್ದರೆ ಬದಲಿಸುವ ಮುಂಚೆ ಅದರ ಕಾಗದ ಓದಿ.

ಮೂರನೇ ಹೆಜ್ಜೆ: ಬಂಪರ್ ಬಿಚ್ಚಿ, ಅಳತೆ ತೆಗೆಯಿರಿ

ಅಂಗಡಿಗೆ ಹೋಗುವ ಮುಂಚೆ ಇದೊಂದು ಕೆಲಸ ಮಾಡಿ. ಮುಂದಿನ ಬಂಪರ್ ಬಿಚ್ಚಿಸಿ ಕಂಡೆನ್ಸರ್ ಮತ್ತು ರೇಡಿಯೇಟರ್ ನಡುವಿನ ಸಂದಿಗೆ ಟಾರ್ಚ್ ಬಿಡಿ. ನನ್ನ ಕಾರಿನಲ್ಲಿ ಆ ಸಂದಿಯಲ್ಲಿ ಒಣಹುಲ್ಲು, ಸತ್ತ ಹುಳ, ಎರೆಮಣ್ಣಿನ ಧೂಳು ಎಲ್ಲ ಸೇರಿ ಕಂಬಳಿಯ ಹಾಗೆ ಹೆಪ್ಪುಗಟ್ಟಿತ್ತು. ಹೊರಗಿನಿಂದ ನೋಡಿದರೆ ಕಂಡೆನ್ಸರ್ ತಳತಳ ಹೊಳೆಯುತ್ತಿತ್ತು! ಬೆರಳು ಹಾಕಿ ಎಳೆದರೆ ಒಂದು ಅಂಗೈ ಅಗಲದ ಚಕ್ಕೆ ಎದ್ದು ಬಂತು. ಜೋಳದ ರಾಶಿ ಹೊತ್ತಿನಲ್ಲಿ ರಸ್ತೆಯ ಮೇಲೆ ತೆನೆ ಹರವಿರುತ್ತಾರಲ್ಲ, ಅದರ ಮೇಲೆ ಓಡಿಸಿದ ಗಾಡಿಗಳಲ್ಲಿ ಹೊಟ್ಟು ಇಲ್ಲೇ ಬಂದು ಕೂರುತ್ತದೆ. ಹಿಂದುಗಡೆಯಿಂದ ಮುಂದಕ್ಕೆ, ಕಡಿಮೆ ಒತ್ತಡದ ನೀರಿನಲ್ಲಿ ತೊಳೆಯಿರಿ. ವಾಟರ್ ಸರ್ವಿಸ್‌ನ ಪ್ರೆಷರ್ ಗನ್ ಹತ್ತಿರ ಹಿಡಿದರೆ ಫಿನ್‌ಗಳು ಮಡಚಿಕೊಳ್ಳುತ್ತವೆ. ಎಷ್ಟೋ ಕಾರುಗಳ ಹೀಟಿಂಗ್ ಇಷ್ಟಕ್ಕೇ ನಿಲ್ಲುತ್ತದೆ, ಹೊಸ ರೇಡಿಯೇಟರ್ ಬೇಕಾಗುವುದೇ ಇಲ್ಲ.

ಇನ್ನೊಂದು ಗಮನಿಸಿ. ರೇಡಿಯೇಟರಿನ ಎರಡೂ ಪಕ್ಕ ಕಂಪನಿಯವರು ಫೋಮ್ ಪಟ್ಟಿ, ಪ್ಲಾಸ್ಟಿಕ್ ತಗಡು ಕೊಟ್ಟಿರುತ್ತಾರೆ. ಗ್ರಿಲ್‌ನಿಂದ ಬಂದ ಗಾಳಿ ಪಕ್ಕಕ್ಕೆ ಜಾರದೆ ಕೋರ್ ಒಳಗೇ ಹಾಯಲಿ ಅಂತ. ಒಮ್ಮೆ ಬಂಪರ್ ಗುದ್ದಿ ರಿಪೇರಿಯಾದ ಕಾರಿನಲ್ಲಿ ಇವು ಎಷ್ಟೋ ಸಲ ವಾಪಸ್ ಬಂದಿರುವುದಿಲ್ಲ. ಗಾಳಿ ಯಾವಾಗಲೂ ಸುಲಭದ ದಾರಿ ಹಿಡಿಯುತ್ತದೆ, ಅಲ್ವಾ? ಇಲ್ಲದಿದ್ದರೆ ದಪ್ಪ ಫೋಮ್ ಪಟ್ಟಿ ತಂದು ನೀವೇ ಅಂಟಿಸಿ. ಖರ್ಚು ಕಡಿಮೆ, ಗುಣ ಜಾಸ್ತಿ.

ಈಗ ಟೇಪ್ ಹಿಡಿಯಿರಿ. ಕೋರ್‌ನ ಉದ್ದ, ಎತ್ತರ, ದಪ್ಪ. ಮೇಲಿನ ಮತ್ತು ಕೆಳಗಿನ ಹೋಸ್ ಬಾಯಿಯ ಅಳತೆ, ಯಾವ ಕಡೆ ಇವೆ ಅನ್ನುವುದು. ಆಮೇಲೆ ಫ್ಯಾನ್ ಮೋಟರಿನ ಬೆನ್ನಿನಿಂದ ಇಂಜಿನ್‌ವರೆಗಿನ ಜಾಗ. ಇದೇ ಎಲ್ಲಕ್ಕಿಂತ ಮುಖ್ಯ. ಕೆಲವು ಇಂಜಿನ್‌ಗಳಲ್ಲಿ ಟರ್ಬೊ ಮುಂದುಗಡೆಯೇ, ರೇಡಿಯೇಟರಿಗೆ ಎದುರಾಗಿ ಕೂತಿರುತ್ತದೆ. ಅಲ್ಲಿ ಒಂದೊಂದು ಮಿಲಿಮೀಟರೂ ಲೆಕ್ಕಕ್ಕೆ ಬರುತ್ತದೆ. ಇಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಮುಂದಕ್ಕೆ ಹಿಂದಕ್ಕೆ ತೂಗುತ್ತದೆ ಅನ್ನುವುದನ್ನೂ ಮರೆಯಬೇಡಿ. ನಾನು ಚಪಾತಿ ಹಿಟ್ಟಿನ ಉಂಡೆ ಮಾಡಿ ತಣ್ಣಗಿದ್ದ ಫ್ಯಾನ್ ಮೋಟರಿನ ಬೆನ್ನಿಗೆ ಅಂಟಿಸಿ, ಗಾಡಿ ಚಾಲೂ ಮಾಡಿ ಕ್ಲಚ್ ಬಿಟ್ಟು ಬಿಟ್ಟು ಎರಡು ಸಲ ಮುಂದೆ ಹಿಂದೆ ಮಾಡಿದೆ. ಉಂಡೆ ಅಮುಕಿ 22 ಮಿಲಿಮೀಟರ್ ದಪ್ಪ ಉಳಿಯಿತು. ನಿಜವಾಗಿ ಇದ್ದ ಜಾಗ ಅಷ್ಟೇ. ಅದರಲ್ಲಿ ಹತ್ತು ಮಿಲಿಮೀಟರಾದರೂ ಬಿಡಬೇಕು. ಅಂದರೆ ನಾನು ದಪ್ಪ ಹೆಚ್ಚಿಸಬಹುದಾದದ್ದು 12 ಮಿಲಿಮೀಟರ್ ಮಾತ್ರ. ಮೊದಲೇ ಹೀಗೆ ಅಳೆದಿದ್ದರೆ ಚಾರ್ಮಾಡಿಯಲ್ಲಿ ನಿಲ್ಲುತ್ತಿರಲಿಲ್ಲ.

ನಾಲ್ಕನೇ ಹೆಜ್ಜೆ: ಕೋರ್ ಆರಿಸುವುದು

ಅಗಲ ಮತ್ತು ಎತ್ತರ ಹೆಚ್ಚಿಸಲು ಜಾಗ ಇದ್ದರೆ ಮೊದಲು ಅದನ್ನೇ ಮಾಡಿ. ಹೊಸ ಗಾಳಿ ಮೊದಲು ತಾಗುವ ಮುಖ ದೊಡ್ಡದಾದಷ್ಟೂ ಒಳ್ಳೆಯದು. ದಪ್ಪ ಹೆಚ್ಚಿಸಿದರೆ ಅಷ್ಟು ಲಾಭ ಇಲ್ಲ. ಮುಂದಿನ ಸಾಲಿನ ಟ್ಯೂಬ್‌ಗಳು ಗಾಳಿಯನ್ನು ಬಿಸಿ ಮಾಡಿಬಿಡುತ್ತವೆ, ಹಿಂದಿನ ಸಾಲಿಗೆ ಸಿಗುವುದು ಆ ಬಿಸಿ ಗಾಳಿಯೇ. ಜೊತೆಗೆ ದಪ್ಪ ಕೋರ್ ಮೂಲಕ ಗಾಳಿ ಎಳೆಯಲು ಫ್ಯಾನ್ ಜಾಸ್ತಿ ಒದ್ದಾಡಬೇಕು. ಸಣ್ಣ ಕಾರುಗಳಲ್ಲಿ 16 ಮಿಲಿಮೀಟರ್ ಕೋರ್ ಸಾಮಾನ್ಯ. ಅದರಿಂದ 26ಕ್ಕೆ ಹೋದರೆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. 50ಕ್ಕೆ ಹೋದರೆ ನನಗಾದದ್ದೇ ಆಗುತ್ತದೆ.

"ಡಬಲ್ ಕೋರ್", "ಟ್ರಿಪಲ್ ಕೋರ್" ಅನ್ನುವ ಮಾತಿಗೆ ಅರ್ಥವೇ ಇಲ್ಲ ಅಂತಲ್ಲ. ಆದರೆ ಸಾಲು ಎಣಿಸಿದರೆ ಸಾಲದು, ಟ್ಯೂಬ್ ಎಷ್ಟು ಅಗಲ ಅಂತಲೂ ಕೇಳಿ. ಅಗಲ ಟ್ಯೂಬಿನ ಎರಡು ಸಾಲು, ಸಣ್ಣ ಟ್ಯೂಬಿನ ಮೂರು ಸಾಲಿಗಿಂತ ಚೆನ್ನಾಗಿ ಕೆಲಸ ಮಾಡಬಹುದು.

ಫಿನ್‌ಗಳು ಒತ್ತೊತ್ತಾಗಿದ್ದರೆ ಶಾಖ ಚೆನ್ನಾಗಿ ಬಿಡುತ್ತವೆ, ಆದರೆ ಧೂಳು ಬೇಗ ಹಿಡಿಯುತ್ತದೆ. ಹಳ್ಳಿ ರಸ್ತೆ, ಮಣ್ಣಿನ ದಾರಿ ಜಾಸ್ತಿ ಓಡುವವರು ಒಂದು ಇಂಚಿಗೆ 12ರಿಂದ 16 ಫಿನ್ ಇರುವುದನ್ನು ನೋಡಿ. ಸ್ಕೇಲ್ ಇಟ್ಟು ಎಣಿಸಿ, ನಾಚಿಕೆ ಬೇಡ.

ತಾಮ್ರವೋ ಅಲ್ಯೂಮಿನಿಯಮ್ಮೋ? ಶಾಖ ಹರಿಸುವುದರಲ್ಲಿ ತಾಮ್ರ ಮುಂದು, ನಿಜ. ಆದರೆ ತಾಮ್ರದ ರೇಡಿಯೇಟರಿನಲ್ಲಿ ಟ್ಯೂಬ್ ಹಿತ್ತಾಳೆಯದು, ಬೆಸುಗೆ ಸೀಸದ್ದು, ತೂಕ ಜಾಸ್ತಿ. ಅಲ್ಯೂಮಿನಿಯಂ ಗಟ್ಟಿ ಇರುವುದರಿಂದ ಅಗಲ ಟ್ಯೂಬ್ ಮಾಡಬಹುದು, ಕೊರತೆ ಅಲ್ಲೇ ತುಂಬುತ್ತದೆ. ಸಣ್ಣ ಟರ್ಬೊ ಕಾರಿಗೆ ನನ್ನ ಮತ ಅಲ್ಯೂಮಿನಿಯಮ್ಮಿಗೇ. ದಿನಬಳಕೆಗೆ ಪ್ಲಾಸ್ಟಿಕ್ ಟ್ಯಾಂಕ್ ಸಾಕು. ವರ್ಷಗಳು ಕಳೆದಂತೆ ಪ್ಲಾಸ್ಟಿಕ್ ಪೆಡಸಾಗಿ ಮಡಿಕೆ ಅಂಚಿನಲ್ಲಿ ಸೋರುತ್ತದೆ, ಆಗ ಬದಲಿಸಿದರಾಯಿತು. ಪೂರ್ತಿ ಅಲ್ಯೂಮಿನಿಯಂ ಟ್ಯಾಂಕ್ ಬೇಕೆನ್ನುವವರು ವೆಲ್ಡಿಂಗ್ ಕಣ್ಣಾರೆ ನೋಡಿ ತಗೊಳ್ಳಿ. ಸಾಲು ಒಂದೇ ಸಮ ಇರಬೇಕು, ಸಣ್ಣ ತೂತು, ಕಪ್ಪು ಚುಕ್ಕೆ ಇರಬಾರದು. ಅದನ್ನು ಕೂರಿಸುವಾಗ ರಬ್ಬರ್ ಬುಷ್ ಬೇಕೇ ಬೇಕು. ನೇರ ಬೋಲ್ಟ್ ಬಿಗಿದರೆ ಗುಂಡಿ ರಸ್ತೆಯ ಕುಲುಕಾಟಕ್ಕೆ ವೆಲ್ಡಿಂಗ್ ಬಿಡುತ್ತದೆ.

ಐದನೇ ಹೆಜ್ಜೆ: ಫ್ಯಾನ್ ಮತ್ತು ಶ್ರೌಡ್

ಮೇಲೆ ಹೇಳಿದ ಘಾಟಿ ಲೆಕ್ಕಕ್ಕೆ ವಾಪಸ್ ಬನ್ನಿ. 18 ಕಿಲೋವ್ಯಾಟ್ ಶಾಖ ಹೊರಬೇಕು, ಹಾಯುವ ಗಾಳಿ 30 ಡಿಗ್ರಿ ಬಿಸಿಯಾಗುತ್ತದೆ ಅಂದುಕೊಂಡರೆ ನಿಮಿಷಕ್ಕೆ ಸುಮಾರು 1,100 ಘನ ಅಡಿ ಗಾಳಿ ಕೋರ್ ಮೂಲಕ ಹೋಗಬೇಕು. ಫ್ಯಾನ್ ಡಬ್ಬಿಯ ಮೇಲೆ ಸಿಎಫ್‌ಎಂ ಅಂತ ಬರೆಯುವುದು ಇದನ್ನೇ. ಆದರೆ ಆ ಅಂಕಿ ಎದುರಿಗೆ ಏನೂ ಅಡ್ಡ ಇಲ್ಲದಾಗಿನದು. ಕಂಡೆನ್ಸರ್, ಇಂಟರ್‌ಕೂಲರ್, ರೇಡಿಯೇಟರ್ ಮೂರನ್ನೂ ದಾಟಿ ಎಳೆಯುವಾಗ ಅರ್ಧಕ್ಕೂ ಇಳಿಯಬಹುದು. ಹಾಗಾಗಿ 1,200 ಬರೆದ ಫ್ಯಾನ್ ಸಾಕು ಅಂದುಕೊಳ್ಳಬೇಡಿ.

ಶ್ರೌಡ್ ಇಲ್ಲದ ಫ್ಯಾನ್ ತನ್ನ ರೆಕ್ಕೆಯ ಎದುರಿನ ಭಾಗದಿಂದ ಮಾತ್ರ ಗಾಳಿ ಎಳೆಯುತ್ತದೆ, ಮೂಲೆಗಳು ದಂಡ. ಶ್ರೌಡ್ ಇದ್ದರೆ ಇಡೀ ಕೋರ್ ಕೆಲಸ ಮಾಡುತ್ತದೆ. ಹಾಗಾಗಿ ಕಂಪನಿ ಶ್ರೌಡ್ ಕೂರುವ ರೇಡಿಯೇಟರನ್ನೇ ತಗೊಳ್ಳಿ, ಈ ಒಂದು ಮಾತಿನಲ್ಲಿ ರಾಜಿ ಬೇಡ.

ಈಗಿರುವ ಫ್ಯಾನ್ ಪರೀಕ್ಷೆಗೆ ಒಂದು ನ್ಯೂಸ್‌ಪೇಪರ್ ಹಾಳೆ ಸಾಕು. ಫ್ಯಾನ್ ಓಡುವಾಗ ಗ್ರಿಲ್ ಎದುರು ಹಿಡಿಯಿರಿ. ಹಾಳೆ ಅಂಟಿ ನಿಲ್ಲಬೇಕು. ಒಂದು ಮೂಲೆ ಅಂಟಿ ಇನ್ನೊಂದು ಮೂಲೆ ಪಟಪಟ ಅಂದರೆ ಆ ಕಡೆ ಗಾಳಿ ಹಾಯುತ್ತಿಲ್ಲ. ಫ್ಯಾನ್ ಡೈರೆಕ್ಟ್ ವೈರಿಂಗ್ ಮಾಡಿಸಿ ಯಾವಾಗಲೂ ಓಡುವಂತೆ ಮಾಡುವುದು ಪರಿಹಾರ ಅಲ್ಲ. ಎರಡು ವೇಗದ ಫ್ಯಾನ್ ಇದ್ದರೆ ಜೋರು ವೇಗ ಕೆಲಸ ಮಾಡುತ್ತಿದೆಯಾ ಅಂತ ಖಾತ್ರಿ ಮಾಡಿಕೊಳ್ಳಿ. ಘಾಟಿಯಲ್ಲಿ ಬೇಕಾಗುವುದು ಅದೇ.

ಆರನೇ ಹೆಜ್ಜೆ: ಕೊಳ್ಳುವಾಗ

ಬೆಂಗಳೂರಿನ ಜೆಸಿ ರಸ್ತೆಯಲ್ಲಾಗಲಿ ನಿಮ್ಮೂರಲ್ಲಾಗಲಿ, ಕಾರಿನ ಹೆಸರು ಹೇಳಿ ರೇಡಿಯೇಟರ್ ಕೇಳಬೇಡಿ. ಒಂದೇ ಹೆಸರಿನ ಕಾರಿಗೆ ಸಾದಾ ಪೆಟ್ರೋಲ್, ಟರ್ಬೊ ಪೆಟ್ರೋಲ್, ಡೀಸೆಲ್, ಆಟೊಮ್ಯಾಟಿಕ್ ಅಂತ ಬೇರೆ ಬೇರೆ ರೇಡಿಯೇಟರ್ ಇರಬಹುದು. ಸಾದಾ ಪೆಟ್ರೋಲಿನದ್ದು ನೋಡಲು ಒಂದೇ ಥರ, ಬೋಲ್ಟೂ ಕೂರುತ್ತದೆ. ಆದರೆ ಕೋರ್ ತೆಳು, ಕೆಲವೊಮ್ಮೆ ಬೇಕಾದ ಸಣ್ಣ ಪೈಪಿನ ಬಾಯಿಯೇ ಇರುವುದಿಲ್ಲ. ಚಾಸಿ ನಂಬರ್ ಕೊಟ್ಟು ಪಾರ್ಟ್ ನಂಬರ್ ತೆಗೆಸಿ. ಹಳೆಯದನ್ನು ಬಿಚ್ಚಿಕೊಂಡು ಹೋಗಿ ಪಕ್ಕದಲ್ಲಿಟ್ಟು ಹೋಲಿಸಿದರೆ ಇನ್ನೂ ಒಳ್ಳೆಯದು.

ಮುಚ್ಚಳದ ಮೇಲೆ 0.9, 1.1, 1.4 ಅಂತ ಏನಾದರೂ ಬರೆದಿರುತ್ತದೆ. ಅದು ತಡೆಯುವ ಒತ್ತಡ, ಬಾರ್ ಲೆಕ್ಕದಲ್ಲಿ. 1.1 ಬಾರ್ ಒತ್ತಡದಲ್ಲಿ ಬರೀ ನೀರೂ 120 ಡಿಗ್ರಿ ದಾಟಿದ ಮೇಲೆ ಕುದಿಯುತ್ತದೆ. ನಿಮ್ಮ ಕಾರಿಗೆ ಒತ್ತಡದ ಮುಚ್ಚಳ ಕೂಲೆಂಟ್ ಡಬ್ಬಿಯ ಮೇಲಿದ್ದು, ಹೊಸ ರೇಡಿಯೇಟರಿಗೂ ಇನ್ನೊಂದು ಮುಚ್ಚಳ ಇದ್ದರೆ ಹುಷಾರು. ಎರಡರಲ್ಲಿ ಕಡಿಮೆ ಒತ್ತಡದ್ದು ಮೊದಲು ಬಿಡುತ್ತದೆ. ಮುಚ್ಚಳ ಇಲ್ಲದ ರೇಡಿಯೇಟರನ್ನೇ ಕೇಳಿ ಪಡೆಯಿರಿ.

ಕೂಲೆಂಟ್ ಬಣ್ಣ ನೋಡಿ ತಗೊಳ್ಳಬೇಡಿ. ಕಾರಿನ ಕೈಪಿಡಿಯಲ್ಲಿ ಹೇಳಿದ ಜಾತಿಯದ್ದು, ಹೇಳಿದ ಪ್ರಮಾಣದಲ್ಲಿ ಹಾಕಿ. ಸುಮ್ನೆ ಗಟ್ಟಿಯಾಗಿ ಹಾಕಿದರೆ ಶಾಖ ಹೊರುವ ಶಕ್ತಿ ಕಡಿಮೆಯಾಗುತ್ತದೆ. ಬೆರೆಸಲು ಡಿಸ್ಟಿಲ್ಡ್ ವಾಟರ್ ಬೇಕು. ನಮ್ಮ ಬೋರ್‌ವೆಲ್ ನೀರು ಗೀಸರ್ ಕಾಯಿಲ್‌ಗೆ ಏನು ಮಾಡುತ್ತದೋ ರೇಡಿಯೇಟರ್ ಟ್ಯೂಬಿಗೂ ಅದನ್ನೇ ಮಾಡುತ್ತದೆ. ಸೋರಿಕೆಗೆ ಅರಿಶಿನ ಪುಡಿ ಹಾಕುವ ಹಳೆಯ ಉಪಾಯ ಟರ್ಬೊ ಕಾರಿಗೆ ಖಂಡಿತ ಬೇಡ. ಟರ್ಬೊಗೆ ಹೋಗುವ ಕೂಲೆಂಟ್ ಪೈಪ್ ಬಹಳ ಸಣ್ಣದು, ಅದು ಕಟ್ಟಿಕೊಂಡರೆ ಹೋಗುವುದು ಟರ್ಬೊ.

ಕೊನೆಯ ಹೆಜ್ಜೆ: ಕೂರಿಸಿ, ಗಾಳಿ ತೆಗೆದು, ಹತ್ತಿಸಿ ನೋಡಿ

ಹೊಸ ರೇಡಿಯೇಟರ್ ಜೊತೆ ಹೋಸ್, ಕ್ಲಿಪ್ ಹೊಸದು ಹಾಕಿಸಿ. ಕೂಲೆಂಟನ್ನು ನಿಧಾನವಾಗಿ ತುಂಬಿ. ಗಾಳಿ ಬಿಡುವ ಸ್ಕ್ರೂ ಇದ್ದರೆ ಅದರಲ್ಲಿ ಗುಳ್ಳೆ ನಿಂತು ಬರೀ ಕೂಲೆಂಟ್ ಬರುವವರೆಗೆ ಬಿಡಿ. ಗಾಳಿ ಒಳಗೆ ಉಳಿದರೆ ಹೀಟರ್ ಹಾಕಿದಾಗ ತಣ್ಣನೆ ಗಾಳಿ ಬರುತ್ತದೆ, ಡ್ಯಾಶ್‌ಬೋರ್ಡ್ ಹಿಂದೆ ಗುಳುಗುಳು ಸದ್ದು ಕೇಳುತ್ತದೆ. ಫ್ಯಾನ್ ಎರಡು ಸಲ ಓಡಿ ನಿಲ್ಲುವವರೆಗೆ ನಿಂತಲ್ಲೇ ಇಂಜಿನ್ ಓಡಲಿ. ಬಿಸಿ ಇರುವಾಗ ಮುಚ್ಚಳ ತೆರೆಯಲೇ ಬೇಡಿ, ಮುಖಕ್ಕೆ ಹಾರುತ್ತದೆ.

ಆಮೇಲೆ ಹತ್ತಿರದ ಏರಿಗೆ ಎಸಿ ಹಾಕಿಕೊಂಡು ಹೋಗಿ, ಅಂಕಿ ಬರೆದಿಡಿ. ನಾನು ಆ ದಪ್ಪದ್ದನ್ನು ತೆಗೆಸಿ 26 ಮಿಲಿಮೀಟರಿನ ಕೋರ್, ಕಂಪನಿ ಶ್ರೌಡ್, ಎರಡು ಪಕ್ಕ ಹೊಸ ಫೋಮ್ ಹಾಕಿಸಿದೆ. ಮರುವರ್ಷ ಅದೇ ಮೇ ತಿಂಗಳಲ್ಲಿ ಅದೇ ನಾಲ್ಕು ಜನ ಚಾರ್ಮಾಡಿ ಹತ್ತಿದೆವು. ಅತಿ ಜಾಸ್ತಿ ಅಂದರೆ 101 ತೋರಿಸಿತು, ಫ್ಯಾನ್ ಜೋರಾಗಿ ತಿರುಗಿ 96ಕ್ಕೆ ಇಳಿಯಿತು. ಕೊಟ್ಟಿಗೆಹಾರದಲ್ಲಿ ನಿಲ್ಲಿಸಿದಾಗ ಕೂಡಲೇ ಕೀ ತಿರುಗಿಸದೆ ಒಂದು ನಿಮಿಷ ಇಂಜಿನ್ ಓಡಲು ಬಿಟ್ಟೆ. ಘಾಟಿ ಹತ್ತಿದ ಟರ್ಬೊ ತಣಿಯಲು ಅಷ್ಟು ಹೊತ್ತು ಬೇಕು. ಮಾರನೇ ದಿನ ಬೆಳಿಗ್ಗೆ ಇಂಜಿನ್ ತಣ್ಣಗಿದ್ದಾಗ ಡಬ್ಬಿಯ ಗೆರೆ ನೋಡಿ. ಒಂದು ಬೆರಳು ಇಳಿದಿದ್ದರೆ ತುಂಬಿಸಿ. ಮೂರನೇ ದಿನವೂ ಇಳಿದರೆ ಎಲ್ಲೋ ಸೋರುತ್ತಿದೆ, ಮೊದಲು ಹೋಸ್ ಕ್ಲಿಪ್‌ಗಳ ಕೆಳಗೆ ಕೈ ಆಡಿಸಿ ನೋಡಿ.